ಕಿಟ್ಟೆಲ್ ಹುಟ್ಟಿದೂರಿನ ಚರ್ಚು

ಇಲ್ಲಿ ಬರೆಯದೇ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಆದರೆ ಈಸ್ಟರ್ ರಜೆಯಲ್ಲಿ ಹೋಗಿಬಂದ ಊರಿನ ಬಗ್ಗೆ ಬರೆಯದಿದ್ದರೆ ಅಪ್ಪ ಬಿಡುವ ಹಾಗೆ ಕಾಣುತ್ತಿಲ್ಲ. "ಬರೆದ್ಯೇನೋ?" ಅಂತ ಫೋನಿನಲ್ಲಿ ಎರಡು ಸಲ ಕೇಳಿಯಾಯ್ತು. ಹಾಗಾಗಿ ಈ ಬರಹ.

ನಮ್ಮಪ್ಪ ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಮನೆಯ ಕಪಾಟಿನಲ್ಲಿ ಒಂದು ದಪ್ಪ ನಿಘಂಟಿತ್ತು. ರಟ್ಟು ಕಿತ್ತುಹೋಗಿ, ಅಪ್ಪನೇ ಹಳೇ ಪಂಚೆಯ ತುಂಡು ಅಂಟಿಸಿ ಬೆನ್ನು ಗಟ್ಟಿ ಮಾಡಿದ್ದರು. ನಾವು ಮಕ್ಕಳು ಯಾವುದಾದರೂ ಪದದ ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ. "ಕಿಟ್ಟೆಲ್ ಹತ್ರ ಕೇಳು" ಅಂತಿದ್ರು, ಅಷ್ಟೇ. ನಾನು ಬಹಳ ದಿನ ಕಿಟ್ಟಣ್ಣ, ಕಿಟ್ಟಪ್ಪ ಇದ್ದ ಹಾಗೆ ಕಿಟ್ಟೆಲ್ ಕೂಡ ನಮ್ಮ ಕಡೆಯವರೇ ಯಾರೋ ಅಂದುಕೊಂಡಿದ್ದೆ! ಜರ್ಮನಿಯವರು ಅಂತ ಗೊತ್ತಾಗಿದ್ದು ಐದನೇ ಕ್ಲಾಸಿನಲ್ಲಿ. ಸ್ವಲ್ಪ ಬೇಜಾರೇ ಆಗಿತ್ತು :-)

ಈಗ ನಾನಿರುವುದು ಅದೇ ಜರ್ಮನಿಯ ಬ್ರೆಮೆನ್‌ನಲ್ಲಿ. ಬಂದು ಹನ್ನೊಂದು ವರ್ಷವಾಯ್ತು. ಮಗಳು ಇಲ್ಲೇ ಹುಟ್ಟಿದವಳು, ಎಂಟು ವರ್ಷ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಜರ್ಮನ್‌ನಲ್ಲಿ. ಬೈದಿದ್ದೇವೆ, ಪುಸಲಾಯಿಸಿದ್ದೇವೆ, ಚಾಕಲೇಟಿನ ಆಸೆಯನ್ನೂ ತೋರಿಸಿದ್ದೇವೆ. ಚಾಕಲೇಟು ಖಾಲಿಯಾದ ಮೇಲೆ ಮತ್ತೆ ಜರ್ಮನ್.

ಫೆಬ್ರವರಿಯಲ್ಲಿ ಒಂದು ಭಾನುವಾರ ಅಜ್ಜನ ಜೊತೆ ವಿಡಿಯೋ ಕಾಲ್. "ಶಾಲೇಲಿ ಏನಾಯ್ತು ಪುಟ್ಟೀ?" ಅಂದರು. ಅವಳು ಕೈ ಕುಣಿಸಿಕೊಂಡು ಐದು ನಿಮಿಷ ಒಂದು ಕತೆ ಹೇಳಿದಳು. ಪೂರ್ತಿ ಜರ್ಮನ್‌ನಲ್ಲಿ. ಅಪ್ಪ ನಗುತ್ತಾ ತಲೆಯಾಡಿಸುತ್ತಲೇ ಇದ್ದರು. ಅವಳು ಓಡಿಹೋದ ಮೇಲೆ ಮೆಲ್ಲಗೆ, "ಏನೋ ಚೆಂದದ್ದು ಹೇಳಿದ್ಲು ಕಣೋ. ಏನು ಅಂತ ನೀನು ಹೇಳು" ಅಂದರು. ಹೇಳಿದೆ. ನನ್ನ ಅಪ್ಪನಿಗೂ ನನ್ನ ಮಗಳಿಗೂ ಮಧ್ಯೆ ನಾನು ದುಭಾಷಿ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಕಿಟ್ಟೆಲ್ಲರ ಊರಿಗೆ ಹೋಗಿಬರೋಣ ಅನ್ನಿಸಿದ್ದು ಆಮೇಲೆ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ರೆಸ್ಟರ್‌ಹಾಫೆ ಅನ್ನುವ ಪುಟ್ಟ ಹಳ್ಳಿಯಲ್ಲಿ. ಅವರಪ್ಪ ಅಲ್ಲಿಯ ಚರ್ಚಿನ ಪಾದ್ರಿ. ಊರು ಈಗ ಡೋರ್ನುಮ್ ಅನ್ನುವ ಗ್ರಾಮಾಂತರ ಪುರಸಭೆಗೆ ಸೇರಿದೆ. ನಮ್ಮನೆಯಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ ನೋಡಿ.

ಆ ಸೀಮೆಯ ಹೆಸರು ಓಸ್ಟ್‌ಫ್ರೀಸ್‌ಲಾಂಡ್, ಪೂರ್ವ ಫ್ರೀಸಿಯ. ಉತ್ತರ ಸಮುದ್ರದ ದಂಡೆ. ಮಲೆನಾಡಿನವನಿಗೆ ಆ ಬಯಲು ನೋಡಿದರೆ ಒಂಥರಾ ಗಾಬರಿಯಾಗುತ್ತದೆ. ಒಂದು ಗುಡ್ಡ ಇಲ್ಲ, ಕಣ್ಣಿಗೊಂದು ತಡೆ ಇಲ್ಲ. ಬರೀ ಹುಲ್ಲು, ಹಸು, ಕಾಲುವೆ, ಗಾಳಿಯಂತ್ರ, ಮತ್ತೆ ಗಾಳಿ. ಸುಮಾರು ಸಾವಿರ ವರ್ಷದ ಹಿಂದೆ ಜನ ಸಮುದ್ರಕ್ಕೆ ಒಡ್ಡು ಕಟ್ಟಲು ಶುರುಮಾಡಿದರು. ಅದಕ್ಕೂ ಮುಂಚೆ ಮಣ್ಣು ಹೊತ್ತು ಹಾಕಿ ದಿಬ್ಬ ಮಾಡಿ, ಅದರ ಮೇಲೆ ಮನೆ ಕಟ್ಟಿಕೊಳ್ಳುತ್ತಿದ್ದರು. ಇಂಥ ದಿಬ್ಬಕ್ಕೆ ಜರ್ಮನ್‌ನಲ್ಲಿ ವಾರ್ಫ್ಟ್ ಅನ್ನುತ್ತಾರೆ. ಒಡ್ಡು ಬಂದ ಮೇಲೂ ಚರ್ಚು ಮಾತ್ರ ದಿಬ್ಬದ ಮೇಲೇ. ಒಡ್ಡು ಒಡೆದ ರಾತ್ರಿ ಜನ, ದನ ಎಲ್ಲ ಓಡಬೇಕಾಗಿದ್ದು ಎತ್ತರದ ಕಡೆಗೆ ತಾನೇ? 1717ರ ಕ್ರಿಸ್‌ಮಸ್ ರಾತ್ರಿ ಬಂದ ಪ್ರವಾಹದಲ್ಲಿ ಈ ಇಡೀ ಕರಾವಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ದೂರದಿಂದ ನೋಡಿದರೆ ಪ್ರತಿ ಹಳ್ಳಿಯೂ ಒಂದು ಮರಗಳ ಗುಂಪು, ಅದರ ಮಧ್ಯೆ ಒಂದು ಚರ್ಚಿನ ಮಾಡು. ಹತ್ತಿರ ಹೋದರೆ ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಗೋಡೆಯೇ ಅಂತ ಆಶ್ಚರ್ಯವಾಗುತ್ತದೆ. ಹೆಚ್ಚಿನವು 12-13ನೇ ಶತಮಾನದಲ್ಲಿ ಶುರುವಾದವು. ಆಗ ಇಲ್ಲಿಯ ರೈತರು ಯಾವ ಜಮೀನ್ದಾರನಿಗೂ ತಲೆಬಾಗದವರು. ತಮ್ಮ ಚರ್ಚನ್ನು ತಾವೇ ದುಡ್ಡು ಹಾಕಿ ಕಟ್ಟಿಸಿಕೊಂಡರು. ತಮಾಷೆಯೆಂದರೆ ಈ ಜವುಗು ನೆಲದಲ್ಲಿ ಕಟ್ಟಡದ ಕಲ್ಲೇ ಸಿಗುವುದಿಲ್ಲ. ಹಾಗಾಗಿ ಕೆಲವು ಕಡೆ ಹಿಮಯುಗದಲ್ಲಿ ಸ್ಕಾಂಡಿನೇವಿಯಾದಿಂದ ಹಿಮದ ಜೊತೆ ಉರುಳಿಬಂದ ಗ್ರಾನೈಟ್ ಬಂಡೆಗಳನ್ನು ಕೆತ್ತಿ ಜೋಡಿಸಿದರು. ಇನ್ನು ಕೆಲವು ಕಡೆ ದಕ್ಷಿಣದ ಐಫೆಲ್ ಬೆಟ್ಟಗಳಿಂದ ರೈನ್ ನದಿಯಲ್ಲಿ, ಆಮೇಲೆ ಸಮುದ್ರದಲ್ಲಿ ದೋಣಿ ಮೇಲೆ ಟಫ್ ಕಲ್ಲು ತರಿಸಿದರು. ಅದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ನಮ್ಮ ಜಂಬಿಟ್ಟಿಗೆ ಕಲ್ಲಿನ ಹಾಗೆ ಹಗುರ, ತೂತುತೂತು. 13ನೇ ಶತಮಾನದಲ್ಲಿ ಇಲ್ಲಿಯದೇ ಜೇಡಿಮಣ್ಣಿನ ಇಟ್ಟಿಗೆ ಸುಡುವುದು ಕಲಿತ ಮೇಲೆ ಎಲ್ಲ ಕಡೆ ಕೆಂಪು ಗೋಡೆಗಳು. ಇನ್ನೊಂದು ವಿಶೇಷ, ಹಲವು ಚರ್ಚುಗಳಲ್ಲಿ ಗಂಟೆಯ ಗೋಪುರ ಬೇರೆಯೇ ನಿಂತಿರುತ್ತದೆ. ಮೆತ್ತನೆ ನೆಲ, ಭಾರದ ಗಂಟೆ. ಅಂಟಿಸಿ ಕಟ್ಟಿದರೆ ಗೋಪುರ ಕುಸಿಯುವಾಗ ಚರ್ಚನ್ನೂ ಎಳೆದುಕೊಂಡು ಹೋದೀತು.

ದಾರಿಯಲ್ಲಿ ನಾವು ಮೊದಲು ನಿಂತಿದ್ದು ಸ್ಟೇಡೆಸ್‌ಡೋರ್ಫ್‌ನಲ್ಲಿ. ಅಲ್ಲಿಯದು ಟಫ್ ಕಲ್ಲಿನ ಹಳೇ ಚರ್ಚು. ಹೊರಗೆ ಮಳೆಗಾಳಿಗೆ ಸವೆದ ಬೂದುಬಣ್ಣದ ಕಲ್ಲು, ಸುತ್ತ ಸಮಾಧಿಗಳು. ನಾನು ಅಲ್ಲಿಗೆ ಹೋಗಿದ್ದು ಒಬ್ಬ ಪಾದ್ರಿಯ ಸಲುವಾಗಿ. ಹೆಸರು ಯೊಹಾನೆಸ್ ಕಾಡೋವಿಯಸ್ ಮ್ಯುಲರ್. ಹದಿನೇಳನೇ ಶತಮಾನದ ಕೊನೆಯಲ್ಲಿ ಈ ಚರ್ಚಿನ ಪಾದ್ರಿಯಾಗಿದ್ದವನು. ಆ ಹೊತ್ತಿಗೆ ಈ ಸೀಮೆಯ ಮೂಲ ಭಾಷೆ ಫ್ರೀಸಿಯನ್ ಸಾಯುತ್ತಿತ್ತು. ಅದನ್ನು ಯಾರೂ ನಿಷೇಧಿಸಿರಲಿಲ್ಲ. ವ್ಯಾಪಾರಕ್ಕೆ, ಕಾಗದಪತ್ರಕ್ಕೆ, ಪೇಟೆಯ ಮಾತಿಗೆ ಲೋ ಜರ್ಮನ್ ಬಂದಿತ್ತು. ಚರ್ಚಿಗೆ ಹೈ ಜರ್ಮನ್ ಬಂದಿತ್ತು. ಅಜ್ಜಂದಿರು ಫ್ರೀಸಿಯನ್‌ನಲ್ಲಿ ಕೇಳಿದರೆ ಮೊಮ್ಮಕ್ಕಳು ಇನ್ನೊಂದರಲ್ಲಿ ಉತ್ತರ ಕೊಡುತ್ತಿದ್ದರೋ ಏನೋ.. (ಇದು ನನ್ನ ಊಹೆ. ಯಾಕೆ ಹೀಗೆ ಊಹಿಸಿದೆ ಅಂತ ನಿಮಗೆ ಗೊತ್ತು.)

ಈ ಪಾದ್ರಿ 1691ರಲ್ಲಿ ಕೂತು ಆ ಭಾಷೆಯ ಪದಗಳನ್ನು, ಹಾಡುಗಳನ್ನು, ಜನರ ಉಡುಗೆತೊಡುಗೆಯ ಚಿತ್ರಗಳನ್ನು ಸೇರಿಸಿ ಒಂದು ಹಸ್ತಪ್ರತಿ ಮಾಡಿದ. ಅದು ಅಚ್ಚಾಗಿದ್ದು 1875ರಲ್ಲಿ. ಅಷ್ಟರಲ್ಲಿ ಇಲ್ಲಿ ಆ ಭಾಷೆಯನ್ನಾಡುವವರು ಒಬ್ಬರೂ ಉಳಿದಿರಲಿಲ್ಲ. ಹತ್ತಿರದ ವಾಂಗರೋಗೆ ದ್ವೀಪದ ಫ್ರೀಸಿಯನ್ ಅದನ್ನಾಡುತ್ತಿದ್ದ ಕೊನೆಯವರ ಜೊತೆ 1950ರಲ್ಲಿ ಹೋಯಿತು. ಪೂರ್ವ ಫ್ರೀಸಿಯನ್ ಈಗ ಬದುಕಿರುವುದು ದಕ್ಷಿಣಕ್ಕಿರುವ ಜಾಟರ್‌ಲಾಂಡ್‌ನ ಕೆಲವು ಹಳ್ಳಿಗಳಲ್ಲಿ ಮಾತ್ರ. ಸುತ್ತ ಜೌಗಿದ್ದು ಹೊರಗಿನವರು ಬರುವುದು ಕಷ್ಟವಾಗಿದ್ದರಿಂದ ಅಲ್ಲಿ ಉಳಿಯಿತಂತೆ. ಮಾತಾಡುವವರು ಸುಮಾರು ಎರಡು ಸಾವಿರ.

ಅದೇ 1875ರಲ್ಲಿ ಕಿಟ್ಟೆಲ್ಲರು ಮಂಗಳೂರಿನಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅಚ್ಚುಹಾಕಿಸಿದ್ದರು. ಒಂದು ಸೀಮೆಯ ಸತ್ತ ಭಾಷೆಯ ಪುಸ್ತಕ ಅಚ್ಚಾದ ವರ್ಷವೇ, ಅದೇ ಸೀಮೆಯಲ್ಲಿ ಹುಟ್ಟಿದವನೊಬ್ಬ ಇನ್ನೊಂದು ಭಾಷೆಯ ಹಳೇ ಪುಸ್ತಕಕ್ಕೆ ಜೀವ ಕೊಡುತ್ತಿದ್ದ. ಆ ಚರ್ಚಿನ ಗೋಡೆ ಮುಟ್ಟಿಕೊಂಡು ಇದನ್ನೆಲ್ಲ ಮನೆಯವಳಿಗೆ ವಿವರಿಸುತ್ತಿದ್ದೆ. "ಚಳಿ ಕಣ್ರೀ, ಕಾರಲ್ಲಿ ಹೇಳಿ" ಅಂದಳು.

ಡೋರ್ನುಮ್ ಚರ್ಚು ದೊಡ್ಡದು. 13ನೇ ಶತಮಾನದ ಇಟ್ಟಿಗೆ ಗೋಡೆ, ಒಳಗೆ 1710-11ರಲ್ಲಿ ಗೆರ್ಹಾರ್ಡ್ ಫಾನ್ ಹೋಲಿ ಕಟ್ಟಿದ ಆರ್ಗನ್. ಈ ಸೀಮೆ ಹಳೇ ಆರ್ಗನ್‌ಗಳಿಗೆ ಜಗತ್ಪ್ರಸಿದ್ಧ. ರ‍್ಯೂಸುಮ್ ಅನ್ನುವ ಇನ್ನೊಂದು ಹಳ್ಳಿಯದು 15ನೇ ಶತಮಾನದ್ದು, ಇನ್ನೂ ನುಡಿಯುತ್ತದೆ. ಅದರ ದುಡ್ಡು ಕೊಡಲು ರೈತರು ಕೊಬ್ಬಿದ ದನಗಳನ್ನು ನದಿಯಾಚೆ ಸಾಗಿಸಿ ಮಾರಲು ಅಪ್ಪಣೆ ಕೇಳಿದ್ದರಂತೆ. ನಮ್ಮೂರ ದೇವಸ್ಥಾನದ ಗಂಟೆಗೆ ಅಡಿಕೆ ಕೊಟ್ಟ ಹಾಗೆ. ಚರ್ಚಿನಿಂದ ಹೊರಬಂದು ಒಂದು ಟೀ ಅಂಗಡಿಯಲ್ಲಿ ಕೂತೆವು. ಇಲ್ಲಿಯ ಜನ ಕುಡಿಯುವಷ್ಟು ಟೀ ಜರ್ಮನಿಯಲ್ಲಿ ಇನ್ನೆಲ್ಲೂ ಕುಡಿಯುವುದಿಲ್ಲ. ಬಟ್ಟಲಿಗೆ ಕಲ್ಲುಸಕ್ಕರೆ, ಅದರ ಮೇಲೆ ಕಡು ಟೀ, ಮೇಲೊಂದು ಚಮಚ ಕೆನೆ. ಕದಡಬಾರದು! ಮೂರು ಬಟ್ಟಲು ಕುಡಿಯುವುದು ಪದ್ಧತಿ. ನನಗೆ ಕಷ್ಟವಾಗಲಿಲ್ಲ :-)

ಅಲ್ಲಿಂದ ರೆಸ್ಟರ್‌ಹಾಫೆ ಪಕ್ಕದಲ್ಲೇ. ಕೆಲವು ಮನೆ, ಹೊಲ, ದಿಬ್ಬದ ಮೇಲೆ ಚರ್ಚು. ಬಾಗಿಲು ಹಾಕಿತ್ತು. ಕೈಹಿಡಿ ಎಳೆದು ನೋಡಿದೆ, ಇಲ್ಲ. ಇಷ್ಟು ದೂರ ಬಂದು ಹೀಗಾಯ್ತಲ್ಲ ಅಂತ ಗೋಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆವು. ಮಗಳು ಸಮಾಧಿ ಕಲ್ಲುಗಳ ಮೇಲಿನ ಹೆಸರು ಓದುತ್ತಾ ಬಂದಳು.

ಈ ಮೂಲೆಯ ಹುಡುಗನೊಬ್ಬ ಪಾದ್ರಿಯ ತರಬೇತಿಗೆ ಬಾಸೆಲ್‌ಗೆ ಹೋಗಿ, 1853ರಲ್ಲಿ ಇಪ್ಪತ್ತೊಂದನೇ ವಯಸ್ಸಿಗೆ ಹಡಗು ಹತ್ತಿ ನಮ್ಮ ಕಡೆ ಬಂದ. ಬಂದಿದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ ಅಂತ ಸುತ್ತುತ್ತಾ ಕೇಶಿರಾಜನನ್ನೂ ಓದಿದ, ಜನರ ಬಾಯಲ್ಲಿದ್ದ ಗಾದೆಯನ್ನೂ ಬರೆದುಕೊಂಡ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದಗಳು, 1700ಕ್ಕೂ ಹೆಚ್ಚು ಪುಟ. 1903ರಲ್ಲಿ ವ್ಯಾಕರಣದ ಪುಸ್ತಕ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಚರ್ಚಿನಲ್ಲಿ ಒಂದು ಭಾಷೆ, ಹೊಲದಲ್ಲಿ ಇನ್ನೊಂದು, ಅದರ ಅಡಿಯಲ್ಲಿ ಹೂತುಹೋದ ಮೂರನೆಯದು. ಇಂಥ ಊರಲ್ಲಿ ಬೆಳೆದವನಿಗೆ ಭಾಷೆ ಕಳೆದುಹೋಗಬಹುದಾದ ವಸ್ತು ಅಂತ ಗೊತ್ತಿತ್ತೇ? ನನಗಂತೂ ಗೊತ್ತಿರಲೇಬೇಕು ಅನ್ನಿಸಿತು.

ಒಂದು ಸಮಾಧಿಯ ಹತ್ತಿರ ವಯಸ್ಸಾದ ಹೆಂಗಸೊಬ್ಬರು ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದರು. "ಮೊಯಿನ್" ಅಂದರು. ಇಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೊಂದೇ ನಮಸ್ಕಾರ. ನಾವು ಯಾಕೆ ಬಂದಿದ್ದು ಅಂತ ಹೇಳಿದೆ. ನಿಮ್ಮೂರ ಪಾದ್ರಿಯ ಮಗ ನಮ್ಮ ಭಾಷೆಗೆ ನಿಘಂಟು ಮಾಡಿದ್ದು, ಅದು ನಮ್ಮನೆಯಲ್ಲಿದೆ ಅಂತ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮನೇಲಿ ಲೋ ಜರ್ಮನ್ ಮಾತ್ರ ಆಡ್ತಿದ್ವಿ. ಶಾಲೆಯಲ್ಲಿ ಮಕ್ಕಳು ಹಿಂದೆ ಬೀಳ್ತಾರೆ ಅಂದ್ರು. ಅದಕ್ಕೇ ನನ್ನ ಮಕ್ಕಳ ಜೊತೆ ಹೈ ಜರ್ಮನ್ ಆಡಿದೆ. ಈಗ ಮೊಮ್ಮಕ್ಕಳಿಗೆ ಒಂದು ಪದವೂ ಬರಲ್ಲ" ಅಂದರು. ದೂರಿನ ದನಿಯಲ್ಲಲ್ಲ, ಗಿಡಕ್ಕೆ ನೀರು ಹಾಕುತ್ತಲೇ. ನನ್ನ ಮಗಳ ಕಡೆ ನೋಡಿ, "ಇವಳಿಗೆ ಬರುತ್ತಾ, ನಿಮ್ಮ ಭಾಷೆ?" ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಜರ್ಮನ್‌ನಲ್ಲಿ "ಬರುತ್ತೆ" ಅಂದಳು. ನಾನೂ ಮನೆಯವಳೂ ಮುಖ ಮುಖ ನೋಡಿಕೊಂಡೆವು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಏಳೂವರೆ, ಕರೆಂಟ್ ಹೋಗಿತ್ತು. ಟಾರ್ಚ್ ಬೆಳಕಲ್ಲಿ ಕೂತಿದ್ದರು. ಕ್ಯಾಮೆರಾ ತಿರುಗಿಸಿ ಚರ್ಚನ್ನು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಎಷ್ಟು ಸಣ್ಣ ಊರು ಮಾರಾಯ" ಅಂದರು, ಅಷ್ಟೇ. ಗಂಟಲು ಕಟ್ಟಿದ ಹಾಗಿತ್ತು.

ಅಷ್ಟರಲ್ಲಿ ಮಗಳು ಫೋನು ಕಸಿದುಕೊಂಡು, "ಅಜ್ಜ, ವಾರ್ಫ್ಟ್‌ಗೆ.. ಕನ್ನಡದಲ್ಲಿ ಏನು?" ಅಂದಳು. ಒಂದು ಜರ್ಮನ್ ಪದ ಬಿಟ್ಟರೆ ಉಳಿದಿದ್ದೆಲ್ಲ ಕನ್ನಡ. ವಾರ್ಫ್ಟ್ ಅಂದರೆ ಏನು ಅಂತ ಅಪ್ಪನಿಗೆ ನಾನು ಹೇಳಿದೆ. ದಿಬ್ಬ ಅಂತ ಹೇಳಿ ಮುಗಿಸಬಹುದಿತ್ತು. ಮೇಷ್ಟ್ರಲ್ಲವಾ! "ಇರು, ಕಿಟ್ಟೆಲ್ ಹತ್ರ ಕೇಳೋಣ" ಅಂತ ಎದ್ದರು. ಪಂಚೆ ಅಂಟಿಸಿದ ಆ ಪುಸ್ತಕ ಬಂತು. ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಪುಟ ತಿರುಗಿಸಿದರು. "ದಿಬ್ಬ. ದಿಣ್ಣೆ. ತಿಟ್ಟು. ತಿಟ್ಟೆ.. ಎಲ್ಲಾ ಇದೆ. ನಿಂಗೆ ಯಾವುದು ಬೇಕು?"

"ತಿಟ್ಟು" ಅಂದಳು ಅವಳು. "ತಿಟ್ಟು, ತಿಟ್ಟು" ಅಂತ ಹೇಳಿಕೊಂಡು ಚರ್ಚಿನ ದಿಬ್ಬ ಇಳಿದು, ಮತ್ತೆ ಹತ್ತಿದಳು.

ವಾಪಸ್ ಬರುವಾಗ ಕಾರಲ್ಲಿ ಮಾತೆಲ್ಲ ಮತ್ತೆ ಜರ್ಮನ್‌ನಲ್ಲೇ. ಒಂದು ದಿನದಲ್ಲಿ ಏನೂ ಬದಲಾಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಈಗ ಪ್ರತಿ ಭಾನುವಾರ ಅವಳು ಅಜ್ಜನಿಗೆ ಒಂದು ಜರ್ಮನ್ ಪದ ಕೊಡುತ್ತಾಳೆ, ಅಜ್ಜ ಟಾರ್ಚೋ ಕನ್ನಡಕವೋ ಹುಡುಕಿಕೊಂಡು ಕಪಾಟಿಗೆ ಹೋಗುತ್ತಾರೆ. ನನಗೆ ಆ ಹೊತ್ತು ಕೆಲಸವಿಲ್ಲ. ಹೋದ ವಾರದ ಪದ 'ಒಡ್ಡು'. ಅದಕ್ಕೆ ಅಜ್ಜ ಮೊಮ್ಮಗಳು ಇಪ್ಪತ್ತು ನಿಮಿಷ ಮಾತಾಡಿದರು. ಅರ್ಧ ಇದು, ಅರ್ಧ ಅದು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ನಿಮ್ಮಲ್ಲೂ ಯಾರಾದರೂ ಇಂಥ ದೇಶಗಳಲ್ಲಿ ಮಕ್ಕಳ ಜೊತೆ ಹೆಣಗುತ್ತಿದ್ದರೆ ಹೇಳಿ, ನೀವು ಏನು ಮಾಡುತ್ತೀರಿ? ಚಾಕಲೇಟಿನ ಉಪಾಯ ಮಾತ್ರ ಬೇಡ. ಅದನ್ನು ನಾವು ಮಾಡಿ ನೋಡಿಯಾಗಿದೆ.