ಸೌಟು ಹಿಡಿದ ಕೈಗೆ ಸ್ಪ್ಯಾನರ್

ಕುಕ್ಕರಿನ ಗ್ಯಾಸ್ಕೆಟ್ ಬದಲಿಸಲು, ಸ್ಟೌವಿನ ಬರ್ನರ್ ಬಿಚ್ಚಿ ಕಸ ತೆಗೆಯಲು ನಾವು ಯಾರನ್ನೂ ಕರೆಯುವುದಿಲ್ಲ. ಕಾರಿನ ಬಾನೆಟ್ ಎತ್ತಿದರೆ ಮಾತ್ರ ಯಾಕೋ ಹಿಂದೆ ಸರಿದು ನಿಲ್ಲುತ್ತೇವೆ. ನಮ್ಮ ಮನೆಯಲ್ಲಿ ಹಾಗೆ ನಿಂತರೆ ನಡೆಯದು. ಅತ್ತೆಯವರಿಗೆ ವಾರಕ್ಕೆ ಎರಡು ದಿನ ಶಿವಮೊಗ್ಗದಲ್ಲಿ ಡಯಾಲಿಸಿಸ್. ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್. ಬೆಳಗಿನ ಐದೂವರೆಗೆ ಗಾಡಿ ಹೊರಡಲೇಬೇಕು. ಇವರು ಗಾಡಿ ಓಡಿಸುತ್ತಾರೆ, ಅಷ್ಟೇ. ಸ್ಪ್ಯಾನರಿಗೂ ಅವರಿಗೂ ಎಣ್ಣೆ ಸೀಗೆಕಾಯಿ.

ಗಾಡಿ ಎಂದರೆ ಮಾವನವರು 1994ರಲ್ಲಿ ಕೊಂಡ ಡೀಸೆಲ್ ಅಂಬಾಸಡರ್, 1489 ಸಿ.ಸಿ. ಇಂಜಿನ್ನಿನದು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಈ ಕಾರು ತಯಾರಿಸುವುದನ್ನು ನಿಲ್ಲಿಸಿತು. ಈಗಿನ ಗ್ಯಾರೇಜಿನ ಹುಡುಗರು "ಇದಕ್ಕೆ ಕಂಪ್ಯೂಟರ್ ಎಲ್ಲಿ ಚುಚ್ಚೋದು ಆಂಟೀ?" ಅಂತ ಕೇಳುತ್ತಾರೆ. ಇದರ ಮರ್ಮ ಬಲ್ಲ ಹಳೆಯ ಮೇಸ್ತ್ರಿಗಳು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದರು. ಮುಚ್ಚುವ ಮೊದಲು ಎರಡು ಭಾನುವಾರ ನಮ್ಮ ಅಂಗಳಕ್ಕೆ ಬಂದು ನನಗೆ ಕಲಿಸಿಕೊಟ್ಟರು. "ಇದಕ್ಕೆ ಬರೋ ಕಾಯಿಲೆ ಹೆಚ್ಚಾಗಿ ಎರಡೇ ಅಮ್ಮಾ. ಒಂದು ಗಾಳಿ, ಇನ್ನೊಂದು ನೀರು" ಅಂದರು.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒಳಗೆ ಒತ್ತಿದ ಗಾಳಿ ಕಾದು, ಅದಕ್ಕೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಡೀಸೆಲ್ ಬರುವ ಪೈಪಿನಲ್ಲೇ ಗಾಳಿ ಸೇರಿತೋ, ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗದು. ಬ್ಯಾಟರಿ ಇಳಿಯುತ್ತದೆ ಅಷ್ಟೇ. ಆಗ ಫಿಲ್ಟರಿನ ಮೇಲಿರುವ ಏರ್ ತೆಗೆಯುವ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಬೇಕು. ಮೊದಲು ಸಾರು ಉಕ್ಕಿದ ಹಾಗೆ ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬರತೊಡಗಿದಾಗ, ಪಂಪು ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಕೆಳಗೊಂದು ಹಳೆ ಡಬ್ಬ ಇಟ್ಟಿರಿ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಎಲ್ಲೋ ವಾಷರ್ ಸವೆದಿದೆ, ಇಲ್ಲವೇ ರಬ್ಬರ್ ಪೈಪ್ ಸೀಳಿದೆ ಅಂತ ತಿಳಿಯಿರಿ.

ನೀರಿನದು ನಮ್ಮ ಮಲೆನಾಡಿನ ಮಳೆಗಾಲದ ತಾಪತ್ರಯ. ಅರ್ಧ ಖಾಲಿಯಿರುವ ಟ್ಯಾಂಕಿನೊಳಗೆ ತೇವ ಹನಿಗಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ಹೋಗಿ ಫಿಲ್ಟರಿನ ತಳ ಸೇರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನಾನು ತಳದ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯುತ್ತೇನೆ. ಕೆಳಗೆ ನೀರು, ಮೇಲೆ ಡೀಸೆಲ್, ಗೆರೆ ಎಳೆದಂತೆ ಕಾಣುತ್ತದೆ. (ಆ ಲೋಟ ಮತ್ತೆ ಅಡಿಗೆಮನೆಗೆ ಬರಕೂಡದು!) ಆಮೇಲೆ ಇನ್ನೊಮ್ಮೆ ಗಾಳಿ ತೆಗೆದರಾಯಿತು.

ಚಳಿಗಾಲದಲ್ಲಿ ಸೆಲ್ಫ್ ಹೊಡೆಯುವ ಮೊದಲು ಹೀಟರ್ ಕಾಯಲು ಬಿಡಬೇಕು. ಇವರಿಗೆ ಆ ತಾಳ್ಮೆಯಿಲ್ಲ. ಪಕ್ಕದಲ್ಲಿ ಕೂತು ಇಪ್ಪತ್ತರವರೆಗೆ ನಾನೇ ಎಣಿಸುತ್ತೇನೆ. ಹಾಗಂತ ಎಲ್ಲಕ್ಕೂ ಕೈ ಹಾಕಬೇಡಿ. ಇಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಹತ್ತಿರ ಕೈ ಒಯ್ಯಲೇಬಾರದು. ಅಲ್ಲಿ ಸೋರುವ ಡೀಸೆಲ್ ಚರ್ಮ ತೂರಿ ಒಳಗೇ ಹೋಗುವಷ್ಟು ಒತ್ತಡವಿರುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವೂ ಅಷ್ಟೇ, ಕುಕ್ಕರಿನ ಹಾಗೆ.

2024ರಲ್ಲಿ ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಬೇಕಾಗಿ ಬಂದಾಗ, "ಗುಜರಿಗೆ ಹಾಕೋಣ, ಎಷ್ಟು ದಿನ ಅಂತ ಇದಕ್ಕೆ ಪಂಪು ಒತ್ತೋದು?" ಅಂದರು ಇವರು. ಹೊಸ ಕಾರಿನ ಕಂತು, ಆಸ್ಪತ್ರೆ ಖರ್ಚು, ಎರಡನ್ನೂ ಹೇಗೆ ತೂಗಿಸುವುದಪ್ಪಾ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಜಗಲಿಯಲ್ಲಿ ಮಲಗಿದ್ದ ಅತ್ತೆ ಅಲ್ಲಿಂದಲೇ ಅಂದರು: "ನನ್ನನ್ನೂ ನಾಲ್ಕು ನಾಲ್ಕು ಗಂಟೆ ಮಿಷನ್ನಿಗೆ ಹಾಕಿಯೇ ನಡೆಸ್ತಾ ಇಲ್ವೇನೋ? ಸುಮ್ನೆ ಇರು. ಅದರ ಹಿಂದಿನ ಸೀಟಲ್ಲಾದ್ರೆ ಬರ್ತಾ ಕಾಲು ಚಾಚಿ ಮಲಗಬಹುದು."