ಹೋಗದೆ ಬರೆದ ಸುದ್ದಿ

2023ರ ಜನವರಿ. ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ ತೀರ್ಮಾನಿಸಿತ್ತು. ಆಗ ನಾನು ಒಂದು ರಾಷ್ಟ್ರೀಯ ವಾಣಿಜ್ಯ ಪತ್ರಿಕೆಗೆ ಶಿವಮೊಗ್ಗದಿಂದ ಸುದ್ದಿ ಕಳಿಸುತ್ತಿದ್ದೆ. ಮುಂಬೈ ಡೆಸ್ಕಿನಿಂದ ಫೋನು ಬಂತು: 250 ಪದ, ಒಂದು ಗಂಟೆಯೊಳಗೆ. ಮುಕ್ಕಾಲು ಗಂಟೆಯಲ್ಲೇ ಕಳಿಸಿಕೊಟ್ಟೆ. ದುರ್ಗಿಗುಡಿಯ ಮನೆಯಲ್ಲಿ ಕೂತ ಕುರ್ಚಿಯಿಂದ ಏಳಲೂ ಇಲ್ಲ.

ಬರೆದದ್ದರಲ್ಲಿ ತಪ್ಪಿರಲಿಲ್ಲ. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟದ್ದು, 2019ರಲ್ಲಿ ಆಸಕ್ತರನ್ನು ಕರೆದದ್ದು, ಕೊಳ್ಳುವವರು ಮುಂದೆ ಬಾರದೆ 2022ರ ಅಕ್ಟೋಬರಿನಲ್ಲಿ ಪ್ರಕ್ರಿಯೆ ರದ್ದಾದದ್ದು, ಸ್ವಂತ ಅದಿರಿನ ಗಣಿ ಇಲ್ಲದ್ದು. ಎಲ್ಲಕ್ಕೂ ಮೇಲೆ ಮೊದಲ ಸಾಲಿನಲ್ಲೇ ‘ನಷ್ಟದಲ್ಲಿರುವ ಘಟಕ’.

ಮುಂದಿನ ಭಾನುವಾರ ಭದ್ರಾವತಿಯ ನ್ಯೂಟೌನಿನಲ್ಲಿರುವ ಸೋದರಮಾವನ ಮನೆಗೆ ಹೋದೆ. ಮಾವ ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮಗ ಅಲ್ಲೇ ಗುತ್ತಿಗೆ ಕಾರ್ಮಿಕ. ಕೆಲಸ ಸಿಕ್ಕ ದಿನಕ್ಕಷ್ಟೇ ಕೂಲಿ. ಅವನ ಗೇಟ್ ಪಾಸು ಟಿವಿಯ ಮೇಲಿತ್ತು, ಮೂಲೆ ಸವೆದು ಫೋಟೋ ಮಸುಕಾಗಿತ್ತು. ಮಾವ ನನ್ನ ಸುದ್ದಿ ಕತ್ತರಿಸಿ ಇಟ್ಟುಕೊಂಡಿದ್ದರು. ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಮತ್ತೊಮ್ಮೆ ಓದಿದರು.

“ಎಲ್ಲ ಸರಿಯಾಗೇ ಬರ್ದಿದೀಯಪ್ಪ. ಆದ್ರೆ ಇವನೆಲ್ಲಿದಾನೆ ಇದ್ರಲ್ಲಿ?” ಎಂದು ಮಗನ ಕಡೆ ನೋಡಿದರು.

ನನ್ನ ಬಳಿ ಉತ್ತರವಿರಲಿಲ್ಲ. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರ ಬಗ್ಗೆ ಒಂದು ಪದವೂ ಇರಲಿಲ್ಲ. ಅತ್ತೆ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಡೆಸ್ಕನ್ನು ದೂರಿದರೆ ಸುಳ್ಳಾಗುತ್ತದೆ. ಕಾರ್ಮಿಕರ ಮಾತು ಬೇಡ ಎಂದು ಅವರು ಹೇಳಿರಲಿಲ್ಲ. ಅವರಿಗೆ ಬೇಕಾಗುವುದಿಲ್ಲ ಎಂದುಕೊಂಡು ನಾನೇ ಬಿಟ್ಟಿದ್ದೆ. ವಾಣಿಜ್ಯ ಪತ್ರಿಕೆಗಳಲ್ಲಿ ಕರ್ನಾಟಕವೆಂದರೆ ಬಹುಪಾಲು ಬೆಂಗಳೂರು, ಐಟಿ, ಸ್ಟಾರ್ಟ್‌ಅಪ್. ನಮ್ಮಂಥ ಜಿಲ್ಲೆಗಳಿಗೆ ಅಡಿಕೆ ಧಾರಣೆ, ಟೆಂಡರು, ಉದ್ಘಾಟನೆಗಳಲ್ಲಿ ಮಾತ್ರ ಜಾಗ. ವರ್ಷಗಟ್ಟಲೆ ಆ ಅಳತೆಗೆ ಬರೆದು ನನ್ನ ಕಣ್ಣೂ ಅದೇ ಅಳತೆಗೆ ಬಂದಿತ್ತು. ಒಂದು ತಿಂಗಳ ನಂತರ, ಫೆಬ್ರವರಿ 27ರಂದು, ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೆ ಅದೇ ಡೆಸ್ಕು 800 ಪದ ಕೇಳಿತು. 3.2 ಕಿಲೋಮೀಟರ್ ಉದ್ದದ ರನ್‌ವೇ ಬಗ್ಗೆ ಉತ್ಸಾಹದಿಂದಲೇ ಬರೆದೆ. ನಮ್ಮೂರಿಗೆ ವಿಮಾನ ಬರುವುದು ನನಗೂ ಸಂತೋಷವೇ. ಆದರೆ ಅದೇ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ಕಾರ್ಮಿಕರು ಧರಣಿ ಕೂತಿದ್ದರು. ಆ ಎರಡನ್ನೂ ಒಂದೇ ಸುದ್ದಿಯಲ್ಲಿ ಇಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಾನು ಹೊರಗಿನವನಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಈ ಕಾರ್ಖಾನೆಗೆ ಕೈಹಾಕಿದ್ದು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಸೇರಿ ಇಲ್ಲಿ ಕಬ್ಬಿಣವಾದದ್ದು, ಇವನ್ನೆಲ್ಲ ಮಾವನ ಬಾಯಲ್ಲೇ ಕೇಳಿ ಬೆಳೆದವನು. ಪಕ್ಕದ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಕೂಡ ಅಷ್ಟು ಹೊತ್ತಿಗೆ ನಿಂತು ವರ್ಷಗಳಾಗಿದ್ದವು. 1980ರ ದಶಕದಿಂದ ಪತ್ರಿಕೆ ಅಚ್ಚಾಗುವ ಕಾಗದ ತಯಾರಿಸಿದ ಊರು ಭದ್ರಾವತಿ. ಆ ಊರಿಗೆ ನಾನು ಕೊಟ್ಟದ್ದು 250 ಪದ. ಅದರಲ್ಲೂ ಊರಿನವರು ಯಾರೂ ಇರಲಿಲ್ಲ.

2023ರ ಆಗಸ್ಟಿನಲ್ಲಿ ಉಕ್ಕು ಕಾರ್ಖಾನೆಯ ಬಾರ್ ಮಿಲ್ ಮತ್ತೆ ಶುರುವಾಯಿತು. ಈ ಸಲ ಗೇಟಿನ ಹತ್ತಿರ ನಿಂತು, ಪಾಳಿ ಮುಗಿಸಿ ಬಂದವರನ್ನು ಮಾತಾಡಿಸಿ ಬರೆದೆ. ಮುಂಬೈಯಲ್ಲಿ ಅದು ನಾಲ್ಕು ಸಾಲಿಗೆ ಇಳಿಯಿತು. ಆ ನಾಲ್ಕರಲ್ಲಿ ಒಂದು ಗುತ್ತಿಗೆ ಕಾರ್ಮಿಕರ ಬಗ್ಗೆ ಇತ್ತು.

ಜಿಲ್ಲೆಗಳಿಂದ ದೊಡ್ಡ ಪತ್ರಿಕೆಗಳಿಗೆ ಬರೆಯುವ ಕಿರಿಯ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಡೆಸ್ಕಿಗೆ ಏನು ಬೇಡವೋ ಅದನ್ನು ಡೆಸ್ಕೇ ತೆಗೆಯಲಿ, ನೀವು ತೆಗೆಯಬೇಡಿ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಹೋಗಿ ಬಂದು ಬರೆಯಿರಿ.