ಫೋಟೋದ ಕೆಳಗೆ ಎರಡು ಸಾಲು

ನಮ್ಮ ಕಾಲದ ಶಾಲೆಗಳಲ್ಲಿ ಸ್ಕ್ರ್ಯಾಪ್ ಪುಸ್ತಕ ಎಂದರೆ ಹಳೆಯ ಪತ್ರಿಕೆಗಳಿಂದ ರಾಷ್ಟ್ರನಾಯಕರ, ಪ್ರಾಣಿ ಪಕ್ಷಿಗಳ, ಕ್ರಿಕೆಟ್ ಆಟಗಾರರ ಚಿತ್ರ ಕತ್ತರಿಸಿ ಮೈದಾ ಅಂಟಿನಿಂದ ಅಂಟಿಸುವ ದಪ್ಪ ಕಾಗದದ ಪುಸ್ತಕ. ಮಳೆಗಾಲದಲ್ಲಿ ಆ ಅಂಟಿಗೆ ಇರುವೆ, ಜಿರಳೆಗಳು ಬರುತ್ತಿದ್ದವು. ಅಂಕ ಸಿಕ್ಕಿದ ಮೇಲೆ ಪುಸ್ತಕ ಅಟ್ಟ ಸೇರುತ್ತಿತ್ತು. ಹಾಗಾಗಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡಲು ಕಲಿಯುತ್ತಿದ್ದೇನೆ ಎಂದು ನಾನು ಹೇಳಿದಾಗ ಉಮ್ಮ ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. "ಈ ಪ್ರಾಯದಲ್ಲಿ ನಿನಗೆ ಯಾವ ಟೀಚರ್ ಅಂಕ ಕೊಡುವುದು?" ಎಂದರು.

ಆದರೆ ಈ ಕೆಲಸವನ್ನು ನಾನು ಕೈಗೆತ್ತಿಕೊಂಡದ್ದು ಅವರಿಗಾಗಿಯೇ. ಎರಡು ವರ್ಷಗಳ ಹಿಂದೆ ದೊಡ್ಡಮ್ಮ ತೀರಿಕೊಂಡಾಗ ಅವರ ಕಪಾಟಿನಲ್ಲಿದ್ದ ಆಲ್ಬಮ್ ನಮ್ಮ ಮನೆಗೆ ಬಂತು. ನೂರಕ್ಕೂ ಹೆಚ್ಚು ಫೋಟೋಗಳು. ಅವುಗಳಲ್ಲಿ ಮೂವತ್ತರಷ್ಟರಲ್ಲಿ ಇರುವವರು ಯಾರೆಂದು ಈಗ ಹೇಳಬಲ್ಲವರು ಉಮ್ಮ ಒಬ್ಬರೇ. ಅವರಿಗೆ ಎಂಬತ್ತೆರಡು. ಒಂದು ಕಣ್ಣಿಗೆ ಪೊರೆ ಬಂದಿದೆ, ಮರೆವೂ ಮೆಲ್ಲಗೆ ಆರಂಭವಾಗಿದೆ. ಆಲ್ಬಮ್ಮಿನ ಸ್ಥಿತಿಯೂ ಅಷ್ಟೇ. ಗಲ್ಫಿನಿಂದ ಬಂದವರು ಆಗ ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದ, ಅಂಟು ಗೆರೆಗಳ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ ನಿಮ್ಮಲ್ಲಿ ಹಲವರ ಮನೆಯಲ್ಲೂ ಇರಬಹುದು. ಅಂದಿಗೆ ಅದು ಅಂತಸ್ತಿನ ವಸ್ತು. ಆದರೆ ಆ ಅಂಟು ಮತ್ತು ಪ್ಲಾಸ್ಟಿಕ್ ಎರಡೂ ಫೋಟೋಗಳಿಗೆ ಶತ್ರುಗಳು. ಪುಟ ಹಳದಿಯಾಗುತ್ತದೆ, ಫೋಟೋ ಹಲಗೆಯಂತೆ ಅಂಟಿಕೊಂಡು ಬಿಡುತ್ತದೆ. ಉಗುರು ಹಾಕಿ ಎಬ್ಬಿಸಲು ಹೋದರೆ ಮುಖವೇ ಹರಿದು ಬರುತ್ತದೆ. ಮೊದಲು ಪುಟವನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಟ್ಟುಕೊಂಡು, ಬಳಿಕ ಹಲ್ಲಿನ ಸಂದು ಶುಚಿಗೊಳಿಸುವ ತೆಳು ದಾರವನ್ನು ಫೋಟೋದ ಅಡಿಯಲ್ಲಿ ಗರಗಸದಂತೆ ಆಡಿಸಿ ಬಿಡಿಸಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ಒಂದು ಇ-ಪುಸ್ತಕ.

ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಎಂದರೆ ಹೆಚ್ಚೇನಿಲ್ಲ. ಫೋಟೋ, ಪತ್ರ, ಟಿಕೆಟು, ಲಗ್ನಪತ್ರಿಕೆ ಮುಂತಾದವುಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿ ಒಂದು ಪುಟವಾಗಿ ಜೋಡಿಸಿ, ಪಕ್ಕದಲ್ಲಿ ಅದರ ಕತೆ ಬರೆದು, ಬೇಕಿದ್ದರೆ ಮುದ್ರಿಸಿಕೊಳ್ಳುವುದು. ಕತ್ತರಿಯೂ ಇಲ್ಲ, ಅಂಟೂ ಇಲ್ಲ. ಮೂಲ ಫೋಟೋ ಸುರಕ್ಷಿತವಾಗಿ ಲಕೋಟೆ ಸೇರುತ್ತದೆ. ಅಮೆರಿಕದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಚರಿತ್ರೆಯೇ ಇದೆ. ಸಾಹಿತಿ ಮಾರ್ಕ್ ಟ್ವೇನ್, ಮೊದಲೇ ಅಂಟು ಸವರಿದ್ದು ಒದ್ದೆ ಮಾಡಿದರೆ ಸಾಕು ಎನ್ನುವಂತಹ ಸ್ಕ್ರ್ಯಾಪ್ ಪುಸ್ತಕಕ್ಕೆ 1873ರಲ್ಲಿ ಪೇಟೆಂಟ್ ಪಡೆದಿದ್ದರು. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ದಾಖಲೆಗಳ ಜಾಗತಿಕ ಸಮ್ಮೇಳನದಲ್ಲಿ ಯೂಟಾದ ಕ್ರಿಸ್ಟೆನ್ಸನ್ ಕುಟುಂಬ ತಮ್ಮ ಮನೆಯ ಆಲ್ಬಮ್ ಸಂಪುಟಗಳನ್ನು ಪ್ರದರ್ಶಿಸಿದ ಬಳಿಕ ಅದು ಅಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. 2001ರಲ್ಲಿ ಅಡೋಬಿ ಕಂಪೆನಿ ಮನೆಬಳಕೆಗೆಂದು ಫೋಟೋಶಾಪ್ ಎಲಿಮೆಂಟ್ಸ್ ಎಂಬ ಅಗ್ಗದ ತಂತ್ರಾಂಶ ತಂದದ್ದು ಈ ಕೆಲಸವನ್ನು ಕಂಪ್ಯೂಟರಿಗೆ ಒಯ್ಯಲು ಹಲವರಿಗೆ ನೆರವಾಯಿತು.

ನಮ್ಮೂರಿನ ಸ್ಟುಡಿಯೋದವರು ಮದುವೆಗೆ ಮಾಡಿಕೊಡುವ ಕರಿಜ್ಮಾ ಆಲ್ಬಮ್ ಕೂಡ ಒಂದರ್ಥದಲ್ಲಿ ಇದೇ. ಮದುಮಗನ ಬೆನ್ನ ಹಿಂದೆ ಸ್ವಿಟ್ಜರ್ಲೆಂಡಿನ ಹಿಮಬೆಟ್ಟ, ಮೂಲೆಯಲ್ಲಿ ಒಂದು ಗೊಂಚಲು ಟ್ಯೂಲಿಪ್ ಹೂ. ನಲವತ್ತು ಪುಟ ತಿರುವಿ ಹಾಕಿದರೂ ಒಬ್ಬರ ಹೆಸರೂ ಸಿಗುವುದಿಲ್ಲ. ಮೂವತ್ತು ವರ್ಷ ಕಳೆದರೆ ಅದರ ಗತಿಯೂ ದೊಡ್ಡಮ್ಮನ ಆಲ್ಬಮ್ಮಿನದ್ದೇ.

ಕಲಿಸುವ ತರಗತಿ ನಮ್ಮೂರಲ್ಲಿಲ್ಲ. ವೀಡಿಯೋ ಪಾಠಗಳು ಬೇಕಾದಷ್ಟಿವೆ. ಆದರೆ ಅವರು ಮೌಸ್ ಓಡಿಸುವ ವೇಗಕ್ಕೆ ನನ್ನ ಕೈ ಓಡುವುದಿಲ್ಲ. ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡಿ ಸಾಕಾಗುತ್ತದೆ. ಪುಸ್ತಕವಾದರೆ ತೆರೆದಿಟ್ಟ ಪುಟ ನಮಗಾಗಿ ಕಾಯುತ್ತದೆ. ಹೀಗೆ ಇ-ಪುಸ್ತಕ ಹುಡುಕಲು ಹೊರಟೆ. ಉಚಿತವಾಗಿ ಸಿಗುವ ಕೆಲವನ್ನೂ, ಹಣ ಕೊಟ್ಟು ಕೊಳ್ಳುವವುಗಳ ಮಾದರಿ ಪುಟಗಳನ್ನೂ ಒಂದು ತಿಂಗಳು ಕುಳಿತು ಓದಿದೆ. ಆಮೇಲೆ ಎರಡನ್ನು ಮಾತ್ರ ಕೊಂಡೆ.

ಮುಖಪುಟ ಎಷ್ಟು ಚೆಂದವಿದೆ ಎಂಬುದು ಮುಖ್ಯವೇ ಅಲ್ಲ. ಆ ಪುಸ್ತಕ ಯಾವ ತಂತ್ರಾಂಶಕ್ಕಾಗಿ, ಅದರ ಎಷ್ಟನೆಯ ಆವೃತ್ತಿಗಾಗಿ ಬರೆದದ್ದು ಎಂಬುದನ್ನು ಮೊದಲು ನೋಡಬೇಕು. ಬಾರ್ಬರಾ ಬ್ರಂಡೇಜ್ ಎಂಬವರು ಫೋಟೋಶಾಪ್ ಎಲಿಮೆಂಟ್ಸ್ ಬಗ್ಗೆ ಬರೆದ 'ಮಿಸ್ಸಿಂಗ್ ಮ್ಯಾನುಯಲ್' ಪುಸ್ತಕವನ್ನು ಆವೃತ್ತಿ ಬದಲಾದಂತೆ ಮತ್ತೆ ಮತ್ತೆ ತಿದ್ದಿ ಪ್ರಕಟಿಸಿದ್ದು ಸುಮ್ಮನೆ ಅಲ್ಲ. ನಾನು ಬಳಸುವುದು ಗಿಂಪ್ ಎಂಬ ಉಚಿತ ತಂತ್ರಾಂಶವನ್ನು. 2012ರಲ್ಲಿ ಅದರ 2.8ನೆಯ ಆವೃತ್ತಿ ಬಂದಾಗ ಒಂದು ಬದಲಾವಣೆಯಾಯಿತು. ಅಂದಿನಿಂದ 'ಸೇವ್' ಒತ್ತಿದರೆ ಗಿಂಪ್‌ನದೇ ಮಾದರಿಯ ಕಡತ ಮಾತ್ರ ಉಳಿಯುತ್ತದೆ. ಜೆಪೆಗ್ ಚಿತ್ರ ಬೇಕಿದ್ದರೆ 'ಎಕ್ಸ್‌ಪೋರ್ಟ್' ಒತ್ತಬೇಕು. ಅದಕ್ಕಿಂತ ಹಿಂದಿನ ಪುಸ್ತಕ ಹಿಡಿದು ಕಲಿಯುವವರು ಒಂದು ಸಂಜೆಯಿಡೀ ದುಡಿದು, ಕೊನೆಗೆ ಪುಟ ಉಳಿಸಲು ಬಾರದೆ ತಲೆ ಚಚ್ಚಿಕೊಳ್ಳುತ್ತಾರೆ. 2025ರಲ್ಲಿ ಗಿಂಪ್ 3 ಬಂದಿದೆ. ಹಾಗಾಗಿ ಪುಸ್ತಕ ಪ್ರಕಟವಾದ ವರ್ಷವನ್ನು ಹಾಲಿನ ಪ್ಯಾಕೆಟ್ಟಿನ ತಾರೀಖಿನಂತೆ ನೋಡುವುದು ಒಳ್ಳೆಯದು.

ಇನ್ನು, ಕಪ್ಪು ಬಿಳುಪಿನ ಇ-ರೀಡರ್‌ಗಳಲ್ಲಿ ಇಂತಹ ಪುಸ್ತಕ ಓದಿ ಪ್ರಯೋಜನವಿಲ್ಲ. "ಕೆಂಪು ಗುಂಡಿ ಒತ್ತಿ" ಎಂದರೆ ಎಲ್ಲ ಗುಂಡಿಗಳೂ ಬೂದು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದೊಡನೆ ಚಿತ್ರ ಒಂದು ಪುಟಕ್ಕೆ, ವಿವರಣೆ ಇನ್ನೊಂದು ಪುಟಕ್ಕೆ ಹೋಗುವುದೂ ಇದೆ. ಪುಟ ಕದಲದ ಪಿಡಿಎಫ್ ಇದ್ದರೆ ಅದನ್ನೇ ಆರಿಸಿ.

ಉಚಿತ ಪುಸ್ತಕಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯವು. ಕೆಲವಂತೂ ಅಂಗಡಿಯ ಹೊರಗೆ ನೇತುಹಾಕಿದ ಬಾಳೆಗೊನೆ. ಒಳಗೆ ಕರೆಯುವುದಷ್ಟೇ ಅವುಗಳ ಕೆಲಸ. ನಾನು ಓದಿದ ಒಂದರಲ್ಲಿ ಎರಡು ಪುಟಕ್ಕೊಮ್ಮೆ "ಈಗ ನಮ್ಮ ಕಿಟ್ ತೆರೆಯಿರಿ" ಎಂಬ ಸೂಚನೆ. ಕಿಟ್ ಎಂದರೆ ಹಿನ್ನೆಲೆಯ ಕಾಗದ, ಹೂವು, ರಿಬ್ಬನ್, ಗುಂಡಿ ಇತ್ಯಾದಿಗಳ ಚಿತ್ರಗಳ ಕಟ್ಟು. ಅದನ್ನು ಬೇರೆಯಾಗಿ ಕೊಳ್ಳಬೇಕು. ಅದಿಲ್ಲದೆ ಪಾಠ ಮುಂದೆ ಹೋಗುವುದಿಲ್ಲ. ಕೊಂಡ ಕಿಟ್ಟುಗಳಿಗೂ ಷರತ್ತುಗಳಿರುತ್ತವೆ. ಸ್ವಂತ ಬಳಕೆಗೆ ಮಾತ್ರ ಎಂದು ಬರೆದಿದ್ದರೆ ಅದನ್ನು ನೆಂಟರಿಷ್ಟರಿಗೆ ಹಂಚುವಂತಿಲ್ಲ, ಅದರಿಂದ ಪುಟ ಮಾಡಿ ಮಾರುವಂತೆಯೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳುವ ಪುಸ್ತಕದ ಮೇಲೆ ನನಗೆ ವಿಶ್ವಾಸ ಬರುತ್ತದೆ. ಅಂದಹಾಗೆ, ನಮ್ಮ ಪುಟಗಳ ಹಿನ್ನೆಲೆಗೆ ನಾನು ಬಳಸಿದ್ದು ದೊಡ್ಡಮ್ಮನ ಹಳೆಯ ಸೀರೆಯೊಂದರ ಅಂಚನ್ನು. ಸ್ಕ್ಯಾನರಿನ ಗಾಜಿನ ಮೇಲೆ ಹರಡಿ ಮುಚ್ಚಳ ಮುಚ್ಚಿದರೆ ಮುಗಿಯಿತು.

ಪರಿವಿಡಿಯಲ್ಲಿ 'ಲೇಯರ್' ಎಂಬ ಪಾಠ ಮೊದಲಲ್ಲೇ ಇದೆಯೇ ಎಂದು ನೋಡಿ. ಶಾಲೆಯ ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಅದು. ಒಂದರಲ್ಲಿ ಫೋಟೋ, ಒಂದರಲ್ಲಿ ಅಂಚು, ಮತ್ತೊಂದರಲ್ಲಿ ಅಕ್ಷರ. ಯಾವುದನ್ನೂ ಕೆಡಿಸದೆ ಯಾವುದನ್ನೂ ಸರಿಪಡಿಸಬಹುದು. ಇದು ಅರ್ಥವಾದರೆ ಉಳಿದದ್ದು ತಾನಾಗಿ ಬರುತ್ತದೆ.

ಅಳತೆಯ ಲೆಕ್ಕ ಕಲಿಸದ ಪುಸ್ತಕವನ್ನು ಮಾತ್ರ ನಾನು ಪಕ್ಕಕ್ಕಿಡುತ್ತೇನೆ. ನನ್ನ ಅಜ್ಜಿಯದ್ದು ಇರುವುದು ಒಂದೇ ಒಂದು ಫೋಟೋ. 1974ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಹಜ್ಜಿಗೆ ಹೋಗುವಾಗ ಕಾಗದಪತ್ರಕ್ಕೆಂದು ತೆಗೆಸಿದ್ದು. ಅದಕ್ಕೆ ಮುಂಚೆಯೂ ಅವರು ಕ್ಯಾಮೆರಾದ ಮುಂದೆ ನಿಂತವರಲ್ಲ, ಬಳಿಕವೂ ನಿಲ್ಲಲಿಲ್ಲ. ಫೋಟೋದ ಅಗಲ ಒಂದೂಕಾಲು ಇಂಚು. ಇದನ್ನು ಸಾಮಾನ್ಯವಾಗಿ ಹೇಳುವ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ ಸಿಗುವುದು 375 ಚುಕ್ಕೆ. ಐದು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 75 ಚುಕ್ಕೆ ಮಾತ್ರ ಉಳಿದು ಅಜ್ಜಿಯ ಮುಖ ಮಂಜಾಗುತ್ತದೆ. ಅದನ್ನೇ 1200ರಲ್ಲಿ ಸ್ಕ್ಯಾನ್ ಮಾಡಿದರೆ 1500 ಚುಕ್ಕೆ ಸಿಕ್ಕಿ, ಐದು ಇಂಚಿನ ಮುದ್ರಣಕ್ಕೆ ಸರಿಯಾಗಿ 300 ಬರುತ್ತದೆ. ಈ ಲೆಕ್ಕವನ್ನು ಅರ್ಧ ಪುಟದಲ್ಲಿ ಹೇಳಬಹುದು. ಆದರೂ ಹಲವರು ಹೇಳುವುದಿಲ್ಲ. 12 ಇಂಚಿನ ಚೌಕ ಪುಟಕ್ಕೆ 3600 ಚುಕ್ಕೆ ಬೇಕು ಎಂದು ಬರೆದು ಮುಂದೆ ಹೋಗುತ್ತಾರೆ. ಹೊಸ ಕ್ಯಾಮೆರಾದ ಚಿತ್ರಗಳಿಗೆ ಅಷ್ಟು ಸಾಕು. ಹೆಬ್ಬೆರಳಿನಷ್ಟು ಅಗಲದ ಫೋಟೋ ಒಂದೇ ಉಳಿದಿರುವ ನಮ್ಮಂತಹ ಮನೆಗಳಿಗೆ ಸಾಲದು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹುಡುಕಿದ್ದು ಬರವಣಿಗೆಯ ಅಧ್ಯಾಯವನ್ನು. ಇಂಗ್ಲಿಷಿನವರು ಅದನ್ನು ಜರ್ನಲಿಂಗ್ ಎನ್ನುತ್ತಾರೆ. ಹೆಚ್ಚಿನ ಪುಸ್ತಕಗಳಲ್ಲಿ ಅದಕ್ಕೆ ಒಂದು ಪುಟ ಸಿಗುವುದೂ ಕಷ್ಟ. ಹೂವಿನ ಕೆಳಗೆ ನೆರಳು ಯಾವ ಕಡೆ ಬೀಳಬೇಕೆಂದು ಹತ್ತು ಪುಟ ಬರೆದವರು, "ಮನಸ್ಸಿಗೆ ತೋಚಿದ್ದನ್ನು ಬರೆಯಿರಿ" ಎಂದು ಇಲ್ಲಿ ಕೈತೊಳೆದುಕೊಳ್ಳುತ್ತಾರೆ. ನಾನು ಕೊಂಡ ಎರಡರಲ್ಲಿ ಒಂದು, ನೋಡಲು ತೀರಾ ಸಾಧಾರಣವಾದದ್ದು, ಈ ವಿಷಯಕ್ಕೆ ಇಡೀ ಅಧ್ಯಾಯ ಮೀಸಲಿಟ್ಟಿತ್ತು. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು. ಹಿರಿಯರ ಬಳಿ "ಇದು ಯಾರು?" ಎಂದಷ್ಟೇ ಕೇಳಬಾರದು. ಫೋಟೋ ತೆಗೆದವರು ಯಾರು, ಆ ದಿನ ಮನೆಯಲ್ಲಿ ಏನು ಅಡುಗೆ, ಯಾರು ಚಿತ್ರದಲ್ಲಿ ಇಲ್ಲ, ಏಕೆ ಇಲ್ಲ ಎಂದು ಕೇಳಬೇಕು.

1979ರ ಒಂದು ಫೋಟೋ ಇದೆ. ಅಂಗಳದಲ್ಲಿ ಉಮ್ಮ, ದೊಡ್ಡಮ್ಮ, ಏಳೆಂಟು ಮಕ್ಕಳು. ಚಿಕ್ಕಂದಿನಿಂದ ನೋಡಿದ ಫೋಟೋ. ಅದರಲ್ಲಿ ನಾನೂ ಇದ್ದೇನೆ, ಮೂಗೊರೆಸದೆ. ಯಾರು ಇಲ್ಲ ಎಂದು ಒಂದು ಶುಕ್ರವಾರ ಮಧ್ಯಾಹ್ನ ಊಟದ ಬಳಿಕ ಉಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನ ಬಾಪ ಇಲ್ಲ. ದಮ್ಮಾಮಿಗೆ ಹೋಗಿ ಏಳು ತಿಂಗಳಾಗಿತ್ತು. ಮಕ್ಕಳ ಫೋಟೋ ಕಳಿಸಿ ಎಂದು ಕಾಗದ ಬರೆದಿದ್ದರು. ಅದಕ್ಕೇ ಪೇಟೆಯಿಂದ ಸ್ಟುಡಿಯೋದವನನ್ನು ಕರೆಸಿದ್ದು. ನಾನು ಉಟ್ಟಿರುವ ಸೀರೆ ನನ್ನದಲ್ಲ, ನೆರೆಮನೆಯ ಬಾಯಮ್ಮನದ್ದು. ಒಳ್ಳೆಯ ಸೀರೆ ಇಲ್ಲ ಎಂದು ಅವರಿಗೆ ಗೊತ್ತಾಗುವುದು ಬೇಡ ಅಂತ" ಎಂದರು. ಫೋಟೋ ಬಿಡಿಸಿ ಹಿಂಬದಿ ನೋಡಿದೆ. ನಾಲ್ಕು ಮೂಲೆಗಳಲ್ಲೂ ಟೇಪಿನ ಕಂದು ಕಲೆ. ಅಲ್ಲಿ ಅವರು ಅದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದರಂತೆ. ನಾಲ್ಕು ವರ್ಷದ ಬಳಿಕ ಊರಿಗೆ ಬರುವಾಗ ಕಿತ್ತು ತಂದದ್ದು. ಇಷ್ಟು ವರ್ಷ ನಮಗೆ ಅದು ಅಂಗಳದಲ್ಲಿ ತೆಗೆದ ಫೋಟೋ ಮಾತ್ರ ಆಗಿತ್ತು.

ಇದನ್ನೆಲ್ಲ ಪುಟದಲ್ಲಿ ಕನ್ನಡದಲ್ಲಿ ಬರೆಯಬೇಕು. ಇಲ್ಲಿ ಯಾವ ಇಂಗ್ಲಿಷ್ ಪುಸ್ತಕವೂ ಜೊತೆಗೆ ಬರುವುದಿಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಒಡೆದು ಹೋಗುತ್ತಿತ್ತು. 'ಉಮ್ಮ' ಎಂದು ಬರೆದರೆ ಒತ್ತಕ್ಷರ ಕಳಚಿ 'ಉಮ್‌ಮ' ಆಗುತ್ತಿತ್ತು. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬರೆದು ಅಂಟಿಸುವುದೇ ಆಗ ದಾರಿ. ಹೊಸ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ಗಿಂಪ್‌ನಲ್ಲಿ ಒತ್ತಕ್ಷರ ಸರಿಯಾಗಿಯೇ ಕೂರುತ್ತದೆ. ಅದನ್ನು ನಾನು ಆರಿಸಿದ್ದಕ್ಕೆ ಉಚಿತ ಎಂಬುದಕ್ಕಿಂತ ದೊಡ್ಡ ಕಾರಣ ಇದು. ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಕೂಡ ಉಚಿತ, ನೋಡಲು ಹಿತ. ಯಾವ ತಂತ್ರಾಂಶ ಕೊಳ್ಳುವುದಿದ್ದರೂ ಮೊದಲು ಅದರಲ್ಲಿ ನಿಮ್ಮ ತಾಯಿಯ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ. ಆಮೇಲೆ ಅದಕ್ಕೆ ತಕ್ಕ ಪುಸ್ತಕ ಹುಡುಕಿ.

ಪುಸ್ತಕ ಹೇಳಿದ ಎಲ್ಲವನ್ನೂ ನಾನು ಪಾಲಿಸಿಲ್ಲ. ಅಕ್ಷರದ ಗಾತ್ರ 10 ಇದ್ದರೆ ಪುಟ ಚೆಂದ ಕಾಣುತ್ತದೆ ಎಂದು ಅದರಲ್ಲಿತ್ತು. ಉಮ್ಮನ ಕಣ್ಣಿಗೆ ಅದು ಇರುವೆ ಸಾಲು. 18 ಮಾಡಿದೆ. ಹೂವುಗಳನ್ನು ತೆಗೆದು ಜಾಗ ಮಾಡಿಕೊಟ್ಟೆ. ಮೊದಲ ಮುದ್ರಿತ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ ಉಮ್ಮ, "ಬಾಯಮ್ಮ ಎಂದರೆ ಸಾಲದು, ಅವರ ಹೆಸರನ್ನೇ ಹಾಕು, ಸೀರೆ ಅವರದ್ದಲ್ಲವಾ" ಎಂದರು. ಹಾಕಿದೆ. ನನ್ನ ಹಾಗೆ ಅವರಿಗೂ ಈಗ ಶುಕ್ರವಾರ ಯಾವಾಗ ಬರುತ್ತದೆ ಎಂದಾಗಿದೆ.

ಇದುವರೆಗೆ ಹದಿನೇಳು ಪುಟಗಳಾಗಿವೆ. ಕೆಲಸ ಮುಗಿದ ಮೇಲೆ ಲೇಯರುಗಳನ್ನೆಲ್ಲ ಒಂದು ಮಾಡಿ ಜೆಪೆಗ್ ಆಗಿ ಉಳಿಸಿದರೆ ಕಡತ ಚಿಕ್ಕದಾಗುತ್ತದೆ ಎಂದು ಒಂದು ಪುಸ್ತಕ ಹೇಳುತ್ತದೆ. ಹಾಗೆ ಮಾಡಿದರೆ ಮತ್ತೆ ಅಕ್ಷರ ತಿದ್ದಲಾಗದು, ಲೇಯರುಗಳಿರುವ ಪ್ರತಿಯನ್ನೂ ಇಟ್ಟುಕೊಳ್ಳಿ ಎನ್ನುತ್ತದೆ ಇನ್ನೊಂದು. ನಾನು ಎರಡನೆಯದರ ಮಾತು ಕೇಳಿದ್ದೇನೆ. ಏಕೆಂದರೆ 1979ರ ಆ ಫೋಟೋದ ಬಲತುದಿಯಲ್ಲಿ ಜಡೆಗೆ ಬಿಳಿ ರಿಬ್ಬನ್ ಕಟ್ಟಿದ ಹುಡುಗಿಯೊಬ್ಬಳು ನಿಂತಿದ್ದಾಳೆ. ಕಳೆದ ವಾರ ಉಮ್ಮ ಒಂದು ಹೆಸರು ಹೇಳಿದರು. ಈ ವಾರ, ಅಲ್ಲ, ಅವಳ ತಂಗಿ ಇರಬೇಕು ಎಂದಿದ್ದಾರೆ.